ಸಾಂಬ್ರಾಣಿ ಹೊಗೆಯ ಒಣಮಾಂಸ

ಕಳೆದ ತಿಂಗಳು ಮೊಳಕಾಲ್ಮೂರಿನಲ್ಲಿ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆನು. ಪುರೋಹಿತರು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರು. ಹೊಗೆ ಎದ್ದ ಕೂಡಲೇ ನೆರೆದವರೆಲ್ಲರೂ ಭಕ್ತಿಯಿಂದ ಕೈ ಮುಗಿದರು. ಹುಟ್ಟಿನಿಂದ ಸಸ್ಯಾಹಾರಿಯಾದ ನನಗೆ ಮಾತ್ರ ಒಣಮಾಂಸ ನೆನಪಾಯಿತು. ಈ ಬಗ್ಗೆ ವಿವರಣೆ ನೀಡುವುದು ಅವಶ್ಯವೆಂದು ಭಾವಿಸಿ, ಈವರೆಗೆ ಲೇಖನವೊಂದನ್ನೂ ಬರೆದಿರದ ನಾನು ಈ ಕೆಳಕಂಡಂತೆ ನಿವೇದಿಸಿಕೊಳ್ಳುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುವ ಗುಮಾಸ್ತನಾಗಿದ್ದೆನು. ನಾನು ಬಾಡಿಗೆಗಿದ್ದ ಮನೆಯ ಮಾಲೀಕರಮ್ಮನವರು ಶಿವಪೂಜೆ ಮುಗಿಯದೆ ನೀರನ್ನೂ ಮುಟ್ಟದವರು. ಕೋಣೆ ಕೊಡುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೊಟ್ಟೆಗಿಟ್ಟೆ ತಿಂತೀಯೇನಪ್ಪಾ?"

ಪಕ್ಕದ ತಗಡಿನ ಮನೆಯಲ್ಲಿ ಕುರಿಗಾರರೊಬ್ಬರ ಹೆಂಡತಿ ವಾಸವಾಗಿದ್ದರು. ಆಕೆಗೂ ಮಾಲೀಕರಮ್ಮನವರಿಗೂ ಕಾಂಪೌಂಡಿನ ಆಚೆ ಈಚೆ ನಿಂತು ದಿನವೂ ಜಗಳ. ಕಾರಣ ಇರಲೇಬೇಕೆಂಬ ನಿಯಮವೇನೂ ಇರಲಿಲ್ಲ…

ಸದರಿ ಕುರಿಗಾರರು ಪ್ರತಿ ವರ್ಷ ಮಂದೆ ಹೊಡೆದುಕೊಂಡು ತುಂಗಭದ್ರೆಯ ಗದ್ದೆ ಬಯಲಿಗೆ ಹೊರಟರೆ ತಿಂಗಳುಗಟ್ಟಲೆ ಹಿಂದಿರುಗುತ್ತಿರಲಿಲ್ಲ. ಅವರ ಬುತ್ತಿಗೆಂದು ಹೆಂಡತಿ ಒಂದು ಟಗರಿನ ಮಾಂಸವನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪು, ಅರಿಶಿನ, ಬೆಳ್ಳುಳ್ಳಿ ಹಚ್ಚಿ, ಹಗ್ಗಕ್ಕೆ ತೂಗುಹಾಕಿ ಒಣಗಿಸುತ್ತಿದ್ದರು. ಆ ವರ್ಷ ಮಾಂಸಕ್ಕೆ ಉಪ್ಪು ಹಚ್ಚಿಯಾಗಿತ್ತು. ಅಷ್ಟರಲ್ಲಿ ಪರಶುರಾಂಪುರದಲ್ಲಿದ್ದ ಮಗಳಿಗೆ ಹೆರಿಗೆ ನೋವೆಂದು ಸುದ್ದಿ ಬಂದಿತು.

"ಅಮ್ಮಾರೆ, ಮನ್ಯಾಗೆ ಯಾರೂ ಇರಲ್ಲ, ನನ್ನ ಅಂಗಳದಾಗೆ ನಾಯಿ ಬಿಡಲ್ಲ. ನಿಮ್ಮ ಮಾಳಿಗೆ ಮ್ಯಾಲೆ ಹಗ್ಗ ಕಟ್ಟಿ ಹೋಗ್ತೀನಿ. ಇದು ಕೆಟ್ರೆ ನನ್ನ ಗಂಡ ಬರೀ ಮುದ್ದೆ ನುಂಗ್ಕೊಂಡಿರ್ಬೇಕು."

"ನನ್ನ ಮಾಳಿಗೆ ಮ್ಯಾಲೆ ಬಾಡಾ? ತಲೆ ಕೆಟ್ಟೈತೇನೇ ನಿನಗೆ? ಹೋಗು, ಮೊದ್ಲು ಬಸ್ ಹಿಡಿ."

ಈ ಉತ್ತರವನ್ನು ಆಕೆ ಅನುಮತಿಯೆಂದು ಪರಿಗಣಿಸಿ, ಹಗ್ಗ ಕಟ್ಟಿ ಹೊರಟುಹೋದರು.

ಸಂಜೆ ಗಿರಣಿಯಿಂದ ಬಂದು ನೋಡಿದರೆ, ಮಾಲೀಕರಮ್ಮನವರು ಮಾಳಿಗೆಯ ಮೇಲೆ ತಾವು ಒಣಹಾಕಿದ್ದ ಸಂಡಿಗೆಯ ಎದುರು, ಮಾಂಸಕ್ಕೆ ಬೆನ್ನು ಹಾಕಿ ಕುಳಿತಿದ್ದರು. ಒಂದು ಕೈಯಲ್ಲಿ ಕೋಲು. ಇನ್ನೊಂದರಲ್ಲಿ ದಿವಂಗತ ಯಜಮಾನರ ಕ್ಷೌರದ ಕನ್ನಡಿ. ಕನ್ನಡಿಯಲ್ಲಿ ಕಾಗೆ ಕಂಡ ಕೂಡಲೇ ಕೋಲು ಹೆಗಲ ಮೇಲಿಂದ ಹಿಂದಕ್ಕೆ ಬೀಸುತ್ತಿತ್ತು. ಕನ್ನಡಿಯಲ್ಲಿ ನೋಡಿದರೂ ನೋಡಿದಂತೆಯೇ ಅಲ್ಲವೇ ಎಂದು ವಿನಯಪೂರ್ವಕವಾಗಿ ವಿಚಾರಿಸಿದೆನು.

"ಕನ್ನಡೀಲಿ ನಾನು ನೋಡ್ತಿರೋದು ಕಾಗೇನ ಕಣಪ್ಪಾ. ನೀನು ಸುಮ್ನೆ ಅದನ್ನ ತಿರುವಿ ಹಾಕು, ಹೋಗು."

ಹೀಗೆ ಇಕ್ಕಳ ಹಿಡಿದು ಪಟ್ಟಿಗಳನ್ನು ತಿರುವುವ ಜವಾಬ್ದಾರಿ ನನಗೆ ವಹಿಸಲ್ಪಟ್ಟಿತು. ಮಾಂಸ ಒಣಗುವ ಬಗೆ ನಮ್ಮಿಬ್ಬರಿಗೂ ತಿಳಿದಿರಲಿಲ್ಲವಾದ್ದರಿಂದ ಸಂಡಿಗೆಯ ನಿಯಮಗಳನ್ನೇ ಅದಕ್ಕೂ ಅನ್ವಯಿಸಲಾಯಿತು.

ಮರುದಿನ ಮೋಡ ಕವಿಯಿತು. ಪಟ್ಟಿಗಳು ಮೆತ್ತಗಾದವು, ನೊಣ ಮುತ್ತಿದವು. ಎಲ್ಲವೂ ಹಾಳಾಯಿತೆಂದು ನಾನು ಕೈಚೆಲ್ಲಿದೆನು. ಮಾಲೀಕರಮ್ಮನವರು ಕೆಳಗಿಳಿದು, ದೇವರ ಮನೆಯ ಧೂಪಾರತಿಯಲ್ಲಿ ಕೆಂಡ ತುಂಬಿ, ಸಾಂಬ್ರಾಣಿ ಸುರಿದು ತಂದರು.

"ನೊಣಾನೂ ಹೋಗ್ತೈತೆ, ನಾತಾನೂ ಹೋಗ್ತೈತೆ," ಎಂದು ಹಿಮ್ಮುಖವಾಗಿ ನಡೆದು ಹಗ್ಗದ ಕೆಳಗೆ ಇಟ್ಟರು. ಮೋಡ ಸರಿದು, ಬಿಸಿಲು ಬಂದು, ಪಟ್ಟಿಗಳು ಮುರಿದರೆ ಟಕ್ ಎನ್ನುವವರೆಗೂ ಎರಡು ಹೊತ್ತು ಧೂಪ ಸೇವೆ ನಡೆಯಿತು.

ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಹಿಂದಿರುಗಿದ ಕುರಿಗಾರರ ಹೆಂಡತಿ ಒಂದು ಪಟ್ಟಿಯನ್ನು ಮೂಗಿಗೆ ಹಿಡಿದು ನೋಡಿದರು.

"ಅಮ್ಮಾರೆ… ಇದನ್ನ ತಿನ್ಬೇಕಾ, ಪೂಜೆ ಮಾಡ್ಬೇಕಾ?"

ಬೇರೆ ಮಾಂಸಕ್ಕೆ ಸಮಯವಿರಲಿಲ್ಲ. ಕುರಿಗಾರರು ಅದನ್ನೇ ಚೀಲಕ್ಕೆ ತುಂಬಿಕೊಂಡು ಹೊರಟರು.

ಅಂದಿನಿಂದ ಮಾಲೀಕರಮ್ಮನವರು ಜಗಳವಾಡುವುದನ್ನು ನಿಲ್ಲಿಸಿದರು. ಕಾಂಪೌಂಡಿನ ಬಳಿ ಹೋದರೆ ಒಂದೇ ಮಾತು: "ಬಂದ್ನೇನೇ ನಿನ್ನ ಗಂಡ?" ಒಮ್ಮೆ ನನ್ನ ಬಳಿ ತಗ್ಗಿದ ದನಿಯಲ್ಲಿ, "ಅವನ ಹೊಟ್ಟೆಗಿಟ್ಟೆ ಕೆಟ್ರೆ ಪಾಪ ನನಗೇ ಸುತ್ಕೊಳ್ಳುತ್ತೆ ಕಣಪ್ಪಾ," ಎಂದರು. ಬಾಡಿನತ್ತ ತಿರುಗಿಯೂ ನೋಡದವರು ಬಾಡಿನ ಚಿಂತೆಯಲ್ಲಿ ಸೊರಗಿಹೋದರು.

ಬೇಸಿಗೆಯ ಹೊತ್ತಿಗೆ ಕುರಿಗಾರರು ಬಂದರು. ನೇರವಾಗಿ ನಮ್ಮ ಬಾಗಿಲಿಗೇ ಬಂದು ನಿಂತರು.

"ಒಂದು ಹುಳ ಬೀಳ್ಲಿಲ್ಲ ಅಮ್ಮಾರೆ. ಆದ್ರೆ ಸಾರು ಕುದಿಯಾಕಿಟ್ರೆ ಜತೆಗಾರ್ರೆಲ್ಲ ಕಾಲಾಗಿನ ಕೆರ ಬಿಟ್ಟು ಬಂದು ಕುಂತ್ಕೊಳ್ಳೋರು."

"ಅದನ್ನ ನನಗ್ಯಾಕೆ ಹೇಳ್ತೀಯ? ನಾನು ಕಾದಿದ್ದು ಸಂಡಿಗೇನ," ಎಂದು ಮಾಲೀಕರಮ್ಮನವರು ಒಳಗೆ ಹೋದರು. ಅರ್ಧ ಗಂಟೆಯೊಳಗೆ ಕಾಂಪೌಂಡಿನ ಬಳಿ ಜಗಳ ಶುರುವಾಯಿತು. ಮುಂದಿನ ವರ್ಷದಿಂದ ಅದೇ ಮಾಳಿಗೆಯ ಮೇಲೆ ಹಗ್ಗ ಕಟ್ಟುವ ಮುನ್ನ ಯಾರೂ ಯಾರನ್ನೂ ಕೇಳಲಿಲ್ಲ…

ಗೃಹಪ್ರವೇಶ ಮುಗಿಸಿ ಮರಳುವಾಗ ಚಳ್ಳಕೆರೆಯಲ್ಲಿ ಇಳಿದೆನು. ಮಾಲೀಕರಮ್ಮನವರು ತೀರಿಕೊಂಡು ಹಲವು ವರ್ಷಗಳಾದವು. ತಗಡಿನ ಮನೆಯಿದ್ದಲ್ಲಿ ಈಗ ಸಿಮೆಂಟಿನ ಮನೆಯಿದೆ. ಕುರಿಗಾರರ ಹೆಂಡತಿ ನನ್ನನ್ನು ಗುರುತಿಸಿ ಕೂರಿಸಿದರು.

"ಈಗ ನಂದೇ ಮಾಳಿಗೆ ಐತಪ್ಪಾ. ಬೈಯೋರಿಲ್ಲ. ಒಣಗಾಕಿದ್ರೆ ಅರ್ಧ ಕಾಗೆ ಪಾಲು."