ಭಾವನ ಹಾಸಿಗೆಗೆ ಬಿದ್ದ ಸುಣ್ಣ

ನನ್ನ ಕೆಲಸ ಇಲಿಗಳ ಜೊತೆ. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಗುತ್ತೇನೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೈಯ ರೋಗನಿರೋಧಕ ಶಕ್ತಿ ಯಾಕೆ ಕುಸಿಯುತ್ತದೆ ಅನ್ನುವುದು ಅಲ್ಲಿಯ ಪ್ರಶ್ನೆ. ಪ್ರಶ್ನೆ ದೊಡ್ಡವರದು, ಇಲಿಗಳನ್ನು ನೋಡಿಕೊಳ್ಳುವುದು ನನ್ನದು. ಹಿಂಗಾಲು ಬಿದ್ದುಹೋದ ಇಲಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ಬೆಳಿಗ್ಗೆ, ಸಂಜೆ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬರಿಸಬೇಕು. ಆಮೇಲೆ ಮಗುಚಿ ಹಿಡಿದು ಹೊಟ್ಟೆ, ತೊಡೆ, ಬಾಲದ ಬುಡ ಎಲ್ಲಾದರೂ ಕೆಂಪಾಗಿದೆಯೇ, ಒದ್ದೆಯಾಗಿದೆಯೇ ಎಂದು ನೋಡಬೇಕು. ಒದ್ದೆಯಿದ್ದರೆ ಹಾಸು ಬದಲಾಯಿಸಬೇಕು. ಈ ಕೆಲಸದಲ್ಲಿ ನಾನು ಒಂದು ದಿನವೂ ತಪ್ಪಿದವಳಲ್ಲ. ಅದರ ಜಂಭವೂ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಜಂಭಕ್ಕೆ ನೀರೆರೆದವರು ನಮ್ಮ ಭಾವ, ಅಕ್ಕನ ಗಂಡ. ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟ, ಒಂದಷ್ಟು ಮಾವಿನ ಮರ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳ ಸಾಕುವ ಮನೆ ಇವೆ. ಹೋದ ವರ್ಷ ಕಾಯಿ ಇಳಿಸಲು ಮರ ಹತ್ತಿದವರು ಕೊಂಬೆ ಮುರಿದು ಬಿದ್ದರು. ಬೆನ್ನುಹುರಿ ಎದೆಯ ಮಟ್ಟದಲ್ಲಿ ಜಜ್ಜಿಹೋಯಿತು. ಅಲ್ಲಿಂದ ಕೆಳಗೆ ಅವರಿಗೆ ಮುಟ್ಟಿದ್ದೂ ಗೊತ್ತಾಗುವುದಿಲ್ಲ, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಬಾಯಿ ಮಾತ್ರ ಮೊದಲಿನ ಹಾಗೇ ಇದೆ.

ಭಾನುವಾರ ನಾನು ಹೊಸ್ತಿಲು ದಾಟುವುದಕ್ಕೆ ಮುಂಚೆಯೇ ಶುರುಮಾಡುವರು. "ಬಂದ್ಲಪ್ಪಾ ಇಲಿ ಡಾಕ್ಟ್ರು! ಏನಮ್ಮಾ, ನಿನ್ ಇಲಿಗಳು ಓಡಾಡ್ತಾವಾ? ಅವು ಓಡಿದ್ ಮಾರ್ನೇ ದಿನಾನೇ ಆ ಔಷ್ದಿ ನಂಗೂ ತಂದ್ಬಿಡ್ಬೇಕು, ಈಗ್ಲೇ ಹೇಳಿದೀನಿ."

"ನಾನು ಡಾಕ್ಟ್ರಲ್ಲ ಭಾವ, ಇಲಿ ಕಾಯೋಳು."

"ಅಲೆಲೆಲೇ! ಕುರಿ ಕಾಯೋರ್ನ ನೋಡಿದೀನಿ, ಎಮ್ಮೆ ಕಾಯೋರ್ನ ನೋಡಿದೀನಿ. ಇಲಿ ಕಾಯಕ್ಕೆ ರೈಲಲ್ಲಿ ಹೋಗೋಳು ನೀನೊಬ್ಳೇ ಕಣಮ್ಮ."

ನಗುತ್ತಿದ್ದೆವು. ಆದರೆ ಆ ಔಷಧಿಯ ಮಾತು ಅವರಿಗೆ ಪೂರ್ತಿ ತಮಾಷೆಯಾಗಿರಲಿಲ್ಲ. ಅದು ಗೊತ್ತಿದ್ದೂ ನಾನು "ಇನ್ನೂ ತುಂಬಾ ವರ್ಷ ಬೇಕು ಭಾವ" ಎಂದು ಬಿಡಿಸಿ ಹೇಳಿದವಳಲ್ಲ.

ಒಂದು ಭಾನುವಾರ ಅಕ್ಕ ಅವರಿಗೆ ರಾಗಿ ಗಂಜಿ ಕುಡಿಸುತ್ತಾ ಕೇಳಿದಳು, "ಅಲ್ವೇ, ಇವ್ರಿಗೆ ಬಿಟ್ಟೂ ಬಿಟ್ಟೂ ಜ್ವರ ಯಾಕ್ ಬರ್ತದೆ?" ನನಗೆ ಅಷ್ಟು ಸಾಕಾಯಿತು. ಕುರ್ಚಿ ಎಳೆದುಕೊಂಡು ಭಾಷಣಕ್ಕೆ ಕೂತೆ.

"ಮೈಯೊಳಗೆ ಕಾವಲು ಕಾಯೋ ಕಣಗಳು ಇರ್ತಾವಕ್ಕಾ. ಬೆನ್ನುಹುರಿ ಜಜ್ಜಿದ್ ತಕ್ಷಣ ಅವು ಅಲ್ಲಿಗೆ ನುಗ್ತಾವೆ. ಗಾಯ ಕ್ಲೀನ್ ಮಾಡ್ತಾವೆ, ಆದ್ರೆ ಆ ಗಲಾಟೇಲಿ ಚೆನ್ನಾಗಿರೋ ನರಾನೂ ಕೆಡಿಸ್ತಾವೆ. ಇನ್ನೊಂದ್ ಕಡೆ, ಹೊಟ್ಟೇಲಿರೋ ಗುಲ್ಮ ಅಂತಾರಲ್ಲ, ಈ ಕಾವಲಿನೋರ ಠಾಣೆ, ಅದಕ್ಕೆ ಹೋಗೋ ನರದ ಹತೋಟಿ ತಪ್ಪೋಗತ್ತೆ. ಠಾಣೆ ಖಾಲಿ ಆಗ್ತಾ ಬರತ್ತೆ. ಆಮೇಲೆ ಯಾವ ಕ್ರಿಮಿ ಬಂದ್ರೂ ಬಾಗ್ಲು ತೆಗ್ದಂಗೇನೇ. ಅದಕ್ಕೇ ಸೋಂಕು ಹತ್ರಕ್ಕೇ ಬರ್ದಂಗೆ ನೋಡ್ಕೋಬೇಕು."

ಅಕ್ಕ ಲೋಟ ಕೆಳಗಿಟ್ಟು ಯೋಚಿಸಿದಳು. "ಹಂಗಂದ್ರೆ, ಹುಳದ್ ಮನೇಲಿ ನೋಡ್ಕೊಳ್ಳೋ ಹಂಗಾ?"

ನನಗೆ ಕೋಲಾರದ ಬಸ್ಸಿಗೆ ಹೊತ್ತಾಗಿತ್ತು. "ಹೂಂ, ಹಂಗೇ ಅನ್ಕೋ," ಎಂದು ಚೀಲ ಹೆಗಲಿಗೆ ಹಾಕಿಕೊಂಡೆ.

ಅಕ್ಕನ ಹುಳದ ಮನೆಯ ಶಿಸ್ತು ಊರಿಗೇ ಗೊತ್ತು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಔಷಧಿ ನೀರಿನಲ್ಲಿ ನೆನೆಸಿದ ಗೋಣಿಚೀಲ, ಅದನ್ನು ತುಳಿದೇ ಒಳಗೆ ಕಾಲಿಡಬೇಕು. ಹುಳದ ಹಾಸಿಗೆ ತೇವವಾಗದಂತೆ, ರೋಗ ಹತ್ತದಂತೆ ಸುಣ್ಣದ ಪುಡಿ ಉದುರಿಸುತ್ತಾಳೆ. ಸುತ್ತಮುತ್ತ ಎಲ್ಲರ ಹುಳ ರೋಗ ಬಂದು ಸತ್ತರೂ ಅವಳ ಹುಳ ಗೂಡು ಕಟ್ಟುತ್ತವೆ. ತನಗೆ ಬರುವ ವಿದ್ಯೆಯಲ್ಲೆಲ್ಲ ಒಳ್ಳೆಯದನ್ನು ಅವಳು ಗಂಡನಿಗೆ ಮಾಡಲು ಹೊರಟಳು.

ಮುಂದಿನ ಸಲ ಹೋದಾಗ ಭಾವನ ಕೋಣೆಯ ಬಾಗಿಲಲ್ಲಿ ಒದ್ದೆ ಗೋಣಿಚೀಲವಿತ್ತು. ಹರಟೆಗೆ ಬರುತ್ತಿದ್ದವರೆಲ್ಲ ಜಗುಲಿಯಿಂದಲೇ ವಾಪಸ್ಸು. "ನೋಡಮ್ಮಾ, ನಿಮ್ಮಕ್ಕ ನನ್ನೂ ಹುಳ ಮಾಡ್ಬಿಟ್ಳು. ಸೊಪ್ಪು ಹಾಕೋದೊಂದು ಬಾಕಿ," ಎಂದರು ಭಾವ. ಶಭಾಷ್ ಅಕ್ಕಾ ಎಂದೆ ನಾನು. ಹಾಸಿಗೆಯ ಬಟ್ಟೆಯ ಕೆಳಗೂ ಅವಳು ಸುಣ್ಣ ಉದುರಿಸುತ್ತಿದ್ದಾಳೆ ಅನ್ನುವುದು ಕಾಣಲಿಲ್ಲ. ಕಾಣುವುದಾದರೂ ಹೇಗೆ? ನಮ್ಮ ಕಡೆ ನಾದಿನಿ ಭಾವನನ್ನು ಎಷ್ಟು ಬೇಕಾದರೂ ಗೋಳು ಹೊಯ್ದುಕೊಳ್ಳಬಹುದು, ಮಂಚದ ಮೇಲೆ ಕೂರುವಂತಿಲ್ಲ, ಹೊದಿಕೆ ಎತ್ತುವ ಮಾತಂತೂ ಇಲ್ಲವೇ ಇಲ್ಲ. ಕುರ್ಚಿಯಲ್ಲಿ ಕೂತು ಗುಲ್ಮದ ಕತೆ ಹೇಳುವುದಕ್ಕೆ ಮಾತ್ರ ಯಾವ ಮರ್ಯಾದೆಯೂ ಅಡ್ಡ ಬರಲಿಲ್ಲ.

ಆಮೇಲೊಂದು ಭಾನುವಾರ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಆ ವಾಸನೆ ನನಗೆ ಗೊತ್ತಿತ್ತು. ಇಲಿಯ ಚರ್ಮ ಕೊಳೆತಾಗ ಬರುವ ವಾಸನೆ ಅದು.

"ಅಕ್ಕಾ, ಭಾವನ್ನ ಮಗ್ಗುಲಿಗೆ ತಿರುಗ್ಸು."

"ಈಗ್ಲಾ? ನೀನಿದ್ದಂಗಾ?"

"ಏ ಬೇಡಮ್ಮಾ, ನಾಚ್ಕೆ ಆಗ್ತದೆ," ಎಂದರು ಭಾವ. ದನಿಯಲ್ಲಿ ತಮಾಷೆ ಇರಲಿಲ್ಲ. ನಾನೇ ಹೋಗಿ ಭುಜಕ್ಕೆ ಕೈ ಹಾಕಿದೆ. ಇಬ್ಬರೂ ಸೇರಿ ತಿರುಗಿಸಿದೆವು. ಸೊಂಟದ ಕೆಳಗೆ, ಬೆವರು, ಉಚ್ಚೆ ಸೇರಿ ಸುಣ್ಣ ಹೆಪ್ಪುಗಟ್ಟಿತ್ತು. ಅದರ ನಡುವೆ ಅಂಗೈಯಗಲ ಚರ್ಮ ಸುಟ್ಟು ಕಪ್ಪಾಗಿ, ಅಂಚಿನಲ್ಲಿ ಕೀವು ಒಸರುತ್ತಿತ್ತು.

"ಏನಿದೆ ಅಲ್ಲಿ?" ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಭಾವ ಕೇಳಿದರು. "ಯಾಕ್ ಇಬ್ರೂ ಸುಮ್ನಾದ್ರಿ? ಹೇಳ್ರಮ್ಮಾ!"

ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಯ ತೊಳೆಯುತ್ತಿದ್ದ ಡಾಕ್ಟರು ತಲೆಯೆತ್ತಿ, "ಇದೇನ್ರೀ, ಸುಣ್ಣಾನಾ? ಯಾರ್ ಹಾಕಿದ್ದು?" ಎಂದರು. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನೇ ಹೇಳಿದ್ದು ಡಾಕ್ಟ್ರೇ," ಎಂದೆ. ಓದಿದವರು ಮಾಡುವ ಕೆಲಸವಾ ಇದು ಎಂದು ಅವರು ಎಲ್ಲರೆದುರಿಗೆ ಉಗಿದರು. ನಂಜು ರಕ್ತಕ್ಕೆ ಏರುತ್ತಿದೆ, ಇಂಥ ಮೈಯಲ್ಲಿ ತಡೆಯುವ ಶಕ್ತಿ ಮೊದಲೇ ಕಮ್ಮಿ, ಉಳಿಯುವುದು ಕಷ್ಟ ಎಂದರು. ಅದೇ ಮಾತನ್ನು ನಾನು ಎಷ್ಟು ಚೆನ್ನಾಗಿ ವಿವರಿಸಿದ್ದೆ!

ಭಾವ ಉಳಿದರು. ಜ್ವರ ಇಳಿಯುವವರೆಗೆ ನಾನು, ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬದುಕಿದೆವು. ಗಾಯ ಇನ್ನೂ ಪೂರ್ತಿ ಕೂಡಿಲ್ಲ. ಆ ಮೆಟ್ಟಿಲ ಮೇಲೆಯೇ ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು. "ನನ್ ತಪ್ಪೆಲ್ಲಾ ನಿನ್ ತಲೆ ಮೇಲೆ ಹಾಕ್ಕೊಂಡ್ಬಿಟ್ಯಲ್ಲೇ."

"ಇಲ್ಲಕ್ಕಾ, ನಿಜ್ವಾಗ್ಲೂ ನಂದೇ ತಪ್ಪು."

"ಸುಮ್ನಿರೇ. ನಂಗೊತ್ತಿಲ್ವಾ ನಿನ್ ಬುದ್ಧಿ."

ಊರೆಲ್ಲ ಅದನ್ನೇ ಹೇಳಿಕೊಂಡು ಬಂದಳು. ಭಾವನ ತಾಯಿ ನನ್ನ ಕೆನ್ನೆ ಸವರಿ "ಬಂಗಾರು ತಲ್ಲಿ", ಬಂಗಾರದಂಥ ತಾಯಿ, ಎಂದು ತೆಲುಗಿನಲ್ಲಿ ಮುದ್ದು ಮಾಡುತ್ತಾರೆ. ಅಯ್ಯೋ ಇಲ್ಲ, ತಪ್ಪು ನನ್ನದೇ ಎಂದಷ್ಟೂ ನಾನು ಅವರ ಕಣ್ಣಲ್ಲಿ ಇನ್ನಷ್ಟು ಒಳ್ಳೆಯವಳಾಗುತ್ತೇನೆ.

ಈಗ ಭಾನುವಾರ ಹೋದರೆ ಕುರ್ಚಿ ಮುಟ್ಟುವುದಿಲ್ಲ. ಅಕ್ಕನ ಜೊತೆ ನಾನೂ ಅವರನ್ನು ತಿರುಗಿಸಿ, ಬೆನ್ನು ನೋಡಿ, ಬಟ್ಟೆ ಬದಲಾಯಿಸುತ್ತೇನೆ. ಮೊನ್ನೆ ಅಕ್ಕ ಬಿಸಿನೀರು ತರಲು ಹೋಗಿದ್ದಳು. ಭಾವ ಗೋಡೆ ನೋಡುತ್ತಲೇ ಕೇಳಿದರು, "ಸುಣ್ಣ ಹಾಕು ಅಂತ ನೀನ್ ಹೇಳಿದ್ಯಾ?"

"ಇಲ್ಲ ಭಾವ. ಹುಳದ್ ಮನೆ ಹಂಗಾ ಅಂತ ಅಕ್ಕ ಕೇಳಿದ್ಲು. ಹೂಂ ಅಂದೆ."

"ಕೇಳಿಸ್ಕೊಂಡಿದ್ದೆ. ನಾನೂ ಇಲ್ಲೇ ಇದ್ನಲ್ಲ."

ನಾನು ಗಾಯದ ಅಂಚು ಒರೆಸಿದೆ. ಭಾವ ಮತ್ತೆ ಕೇಳಿದರು, "ನಿನ್ ಇಲಿಗಳ್ನೂ ಹಿಂಗೇ ತಿರುಗ್ಸಿ ನೋಡ್ತೀಯಾ?"

"ಹೂಂ ಭಾವ."

"ದಿನಾನೂ?"

"ದಿನಾನೂ."

"ಬಿಡು, ಅವು ಪುಣ್ಯ ಮಾಡಿದ್ವು," ಎಂದರು. ತಮಾಷೆಗೆ ಅಂದರೋ ಏನೋ, ಮುಖ ಗೋಡೆಯ ಕಡೆಗಿತ್ತು, ನನಗೆ ಕಾಣಲಿಲ್ಲ.