ಪದ್ಮತ್ತೆ ಕಲಿಸಿದ ಇಂಗ್ಲಿಷು

ಗಂಜಿ ಹಾಕಿದ ನೂಲಿನ ಹುಳಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ, ಈಗಿಲ್ಲದ ನಮ್ಮ ಕಬನೂರಿನ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಮುಂದೆ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಮಗ್ಗ ನಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಅಪ್ಪನ ತಂಗಿ ಪದ್ಮತ್ತೆ ನನಗೆ ಇಂಗ್ಲಿಷ್ ಕಲಿಸುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಮನೆಯಲ್ಲಿ ಬಿ.ಎ. ಮುಗಿಸಿದವಳು ಅವಳೊಬ್ಬಳೇ. ನಾನು ‘ಸೇ ಮಿ’ ಎಂದು ಬರೆದರೆ ಪೆನ್ಸಿಲಿನಿಂದ ಬೆರಳಿಗೆ ಮೆಲ್ಲಗೆ ಹೊಡೆಯುತ್ತಿದ್ದಳು. “‘ಸೇ’ ಅಂದ್ರ ಬಾಯಾಗಿಂದ ಏನ್ ಬಂತೋ ಅದು. ‘ಟೆಲ್’ ಅಂದ್ರ ಯಾರಿಗೆ ಹೇಳಿದಿ ಅನ್ನೂದೂ ಕೂಡೇ ಬರಬೇಕು. ಟೆಲ್ ಮಿ, ಟೆಲ್ ಹರ್.” ಮತ್ತೆ ‘ಸ್ಪೀಕ್’? “ನೀ ಕನ್ನಡ ಮಾತಾಡ್ತಿ, ಮರಾಠಿ ಮಾತಾಡ್ತಿ, ಅಲ್ಲೆ ಸ್ಪೀಕ್. ಹೆಡ್‌ಮಾಸ್ತರ್ ಎದ್ದು ನಿಂತು ಮಾತಾಡಿದ್ರೂ ಸ್ಪೀಕ್. ನಾವಿಬ್ರೂ ಹಿಂಗ ಕುಂತು ಹರಟಿ ಹೊಡ್ಯಾಕತ್ತೇವಿ ನೋಡು, ಇದು ಟಾಕ್.”

ಯಡ್ರಾವದ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಒಂದು ಮಧ್ಯಾಹ್ನ ಅಂಚೆಯವನು ಅವಳ ಹೆಸರಿನ ಲಕೋಟೆಯನ್ನು ನನ್ನ ಕೈಗೆ ಕೊಟ್ಟ. ಮೇಲಿದ್ದ ಶಾಲೆಯ ಹೆಸರನ್ನು, ಅವಳೇ ಕಲಿಸಿದ ಇಂಗ್ಲಿಷಿನಲ್ಲಿ, ನಾನೇ ಓದಿದೆ. ಅಪ್ಪ ಅದನ್ನು ಕಸಿದುಕೊಂಡು ಒಡೆದು ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡ. “ಸಂದರ್ಶನಕ್ಕ ಕರದಾರ. ಅತ್ತಿ ಮುಂದ ಹೇಳಬ್ಯಾಡ. ಮಹಾಗಾಂವದ ಬೀಗರು ನೌಕರಿ ಮಾಡೂ ಹುಡುಗಿ ಬ್ಯಾಡ ಅಂದಾರ.” ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ಅವತ್ತು ಊಟಕ್ಕೆ ಕೂತಾಗ ಅತ್ತೆ ಕೇಳಿದಳು, “ಟಪಾಲ ಏನರೆ ಬಂತೇನ?” ಅಪ್ಪ ರೊಟ್ಟಿ ಮುರಿಯುತ್ತಿದ್ದ. ನಾನು “ಇಲ್ಲ” ಎಂದೆ. ಅವಳು ಇನ್ನೂ ಎಷ್ಟೋ ದಿನ ಕೇಳಿದಳು. ನಾನು ಅಷ್ಟೂ ಸಲ ಇಲ್ಲವೆಂದೆ. ಆ ಬೇಸಿಗೆಯಲ್ಲಿ ಲಗ್ನವಾಗಿ ಮಹಾಗಾಂವಕ್ಕೆ ಹೋದವಳು ಮತ್ತೆ ಯಾರಿಗೂ ಏನನ್ನೂ ಕಲಿಸಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು.

“ಆವಾಗ ನಿನಗೆಷ್ಟು ವರ್ಷ?”

“ಒಂಬತ್ತು, ಅತ್ತಿ. ಭಾಳ ಸಣ್ಣಾಕಿ ಇದ್ನಿ.”

“ಒಂಬತ್ತು ವರ್ಷದಾಕಿಗೆ ಬಾಯಿ ಇರತೈತಿ,” ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಅದಾದ ಮೇಲೂ ಎರಡು ಸಲ ಹೋದೆ. ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಂಡು, “ಬರ್ರಿ, ಕುಂದರ್ರಿ, ಚಾ ತಗೋರಿ” ಎಂದಳು. ಎತ್ತಿ ಆಡಿಸಿದ ಕೂಸಿಗೆ ಬಹುವಚನ. ಹೋದ ವರ್ಷ ಕಣ್ಣು ಮುಚ್ಚುವವರೆಗೂ ಅವಳು ನನ್ನನ್ನು ಮತ್ತೆ ‘ನೀ’ ಎಂದು ಕರೆಯಲಿಲ್ಲ.