ಮಜ್ಲಿಸಿನಲ್ಲಿ ಕೂತ ಮೋಹನದಾಸರು

ದೂಮ ಕುಂದರ್ ಮಂಜಿ ಹಡಗಿನ ತುಂಬ ಹೆಂಚು ಹೇರಿಕೊಂಡು, ನಕ್ಷತ್ರ ನೋಡಿ ದಿಕ್ಕು ಹಿಡಿದು ಮಸ್ಕತ್ತಿಗೆ ಹೋಗಿ, ಖರ್ಜೂರ ತುಂಬಿಕೊಂಡು ಬಂದವನು. ಅವನ ಸೋದರಳಿಯ ಶೀನ ಕುಂದರ್ ಆಟಿ ತಿಂಗಳ ಮಳೆಗಾಲದ ಕಡಲಿಗೆ ಹಾರಿ, ಮಗುಚಿದ ದೋಣಿಯಡಿ ಸಿಕ್ಕಿದವರನ್ನು ಜುಟ್ಟು ಹಿಡಿದು ದಡಕ್ಕೆ ಎಳೆದವನು. ಶೀನನ ತಂಗಿಯ ಮಗಳು ಅಕ್ಕು ಹೆಜಮಾಡಿಯಿಂದ ಮೂಲ್ಕಿಯವರೆಗೆ ಮೀನಿನ ಬುಟ್ಟಿ ಹೊತ್ತು ನಡೆದವಳು. ಸುಂಕಕ್ಕೆ ಪೀಡಿಸಿದ ಸಂತೆಯವನ ಬಿಳಿ ಅಂಗಿಯ ಮೇಲೆ ಬುಟ್ಟಿಯ ನೀರು ಸುರಿದು, "ಇದೇ ಸುಂಕ, ತಕೋ" ಅಂದವಳು. ನಮ್ಮ ಕಡಲ ಕರೆಯಲ್ಲಿ ವಂಶ ಹೇಳುವುದು ತಾಯಿಯ ಕಡೆಯಿಂದ. ಹಾಗೆ ಹೇಳುತ್ತಾ ಬಂದರೆ ಅಕ್ಕುವಿನ ಮಗ ಮೋಹನದಾಸ ಕುಂದರ್. ಅವರು ಮಾಡಿದ ಸಾಹಸ ಏನೆಂದರೆ, ಒಬ್ಬ ಅರಬಿ ಶೇಖ್‌ರ ಮನೆಯಲ್ಲಿ ಕಾಫಿ ಹೊಯ್ದದ್ದು.

ಅರಬರ ನಾಡಿನ ರುವೈಸ್ ಪಟ್ಟಣದ ಆಚೆ, ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ, ಅಂಗೈಯಗಲದ ಒಂದು ದ್ವೀಪ. ಖರ್ಜೂರದ ಮರಗಳು, ಉಪ್ಪುನೀರಿನಲ್ಲಿ ಕಾಲೂರಿ ನಿಂತ ಕಾಂಡ್ಲ ಗಿಡಗಳು, ನಡುವೆ ಹವಳದ ಕಲ್ಲಿನ ಹಳೆಯ ಅರಮನೆ. ಶೇಖ್‌ರ ಮನೆಯವರು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತಿದ್ದರು. ಮೋಹನದಾಸರ ಪ್ರಾಯವೆಲ್ಲ ಅಲ್ಲೇ ಕರಗಿತು. ಈಗ ಅದು ಟಿಕೆಟ್ ಕೊಂಡು ನೋಡುವ ಜಾಗ.

ರುವೈಸಿನ ರಿಫೈನರಿಯಲ್ಲಿ ಟೆಕ್ನೀಷಿಯನ್ ಆಗಿರುವ ಅಳಿಯ ಲತೇಶನ ಮನೆಗೆ ಅವರು ವಿಸಿಟ್ ವೀಸಾದಲ್ಲಿ ಬಂದಿದ್ದರು. ಅದು ಮುಗಿಯುತ್ತಾ ಬಂದಿತ್ತು. ಮೊಣಕಾಲು ಎರಡೂ ಸವೆದು ಹೋಗಿವೆ, ಊರಿಗೆ ಮರಳುವುದೊಂದು ಬಿಟ್ಟರೆ ಇನ್ನು ವಿಮಾನದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ಊರಿಗೆ ಹೋದರೆ ಮತ್ತೆ ಈ ಕಡೆ ತಲೆ ಹಾಕುವ ಮಾತಿಲ್ಲ. ಅವರಿಗೆ ಉಳಿದದ್ದು ಒಂದೇ ಆಸೆ: ಆ ಅರಮನೆಯ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳು ಕೂರುವ ಚಾವಡಿಯಲ್ಲಿ, ಒಮ್ಮೆ ನೆಲದ ಮೇಲೆ ಕೂರಬೇಕು. ಕಾಫಿ ಹೊಯ್ಯುವವನು ಕೂರುವಂತಿಲ್ಲ. ಅಲ್ಲಿ ದುಡಿದಷ್ಟು ಕಾಲವೂ ಅವರು ನಿಂತೇ ಇದ್ದವರು.

"ಪಪ್ಪ, ಕೂತ ಮೇಲೆ ಏಳ್ಲಿಕ್ಕೆ ಆಗ್ಬೇಕಲ್ಲ?" ಎಂದಳು ಮಗಳು ಶರ್ಮಿಳಾ. "ಕಮೋಡಿಂದ ಏಳ್ಲಿಕ್ಕೇ ನಿಮ್ಗೆ ಇವ್ರು ಬೇಕು."

"ಅದು ಕಮೋಡು ಮಗಾ. ಇದು ಅರಮನೆ."

ಶುಕ್ರವಾರ ದೋಣಿ ಹತ್ತಿ, ಗಾಲಿಕುರ್ಚಿಯೊಡನೆ ದ್ವೀಪಕ್ಕೆ ಇಳಿದರು. ದೊಡ್ಡ ಬಾಗಿಲಿನ ಎದುರು ಮೋಹನದಾಸರು ಕುರ್ಚಿಯ ಗಾಲಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

"ಹಿಂದಿನಿಂದ ಹೋಗುವ. ಅಡುಗೆಮನೆ ಕಡೆಯಿಂದ."

"ಎಂತ ಮಾಮ ನೀವು! ಟಿಕೆಟ್ ತಕೊಂಡಿದ್ದೇವೆ," ಎಂದು ಲತೇಶ ನಕ್ಕು ಕುರ್ಚಿಯನ್ನು ಮುಂದೆ ತಳ್ಳಿದ.

ಒಳಗೆ ಏಲಕ್ಕಿಯ ಘಮ ಮೂಗಿಗೆ ಬಡಿದದ್ದೇ ತಡ, ಮೋಹನದಾಸರ ತಲೆಯೊಳಗೆ ಹಳೆಯ ಕಾಲ ಎದ್ದು ಕೂತಿತು. ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ದ್ವೀಪದ ಹಿರಿಯರೊಬ್ಬರು ಬಂದಿದ್ದರು. ಅವರಿಗೆ ಚೆನ್ನಾಗಿ ಮರ್ಯಾದೆ ಮಾಡಬೇಕೆಂದು ಮೋಹನದಾಸರು ಪುಟ್ಟ ಪಿಂಗಾಣಿ ಬಟ್ಟಲಿಗೆ ಅಂಚು ಮುಟ್ಟುವಷ್ಟು ಕಾಫಿ ಹೊಯ್ದರು. ನಮ್ಮಲ್ಲಿ ಲೋಟ ತುಂಬಿಸದಿದ್ದರೆ ಆ ಮನೆಯವರು ಪಿಟ್ಟಾಸಿಗಳು ಎಂಬ ಮಾತು ಬರುತ್ತದೆ. ಅಲ್ಲಿಯ ರಿವಾಜು ತಿರುಗಾಮುರುಗಾ: ತಳ ಮುಚ್ಚುವಷ್ಟು ಹೊಯ್ದರೆ ಮರ್ಯಾದೆ, ತುಂಬ ಹೊಯ್ದರೆ 'ಕುಡಿದು ಹೊರಡು' ಎಂದ ಹಾಗೆ. ಹಿರಿಯರ ಮುಖ ಗಂಟಾಯಿತು, ಎದ್ದೇಬಿಟ್ಟರು. ಆಗ ಶೇಖ್‌ರು ಆ ತುಂಬಿದ ಬಟ್ಟಲನ್ನು ತಾವೇ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು, "ಹಾಗಾದರೆ ಹೊರಡಬೇಕಾದವನು ನಾನು" ಎಂದು ಬಾಗಿಲ ತನಕ ನಡೆದರು. ಮುನಿದ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ಓಡಿ ಹೋಗಿ ಶೇಖ್‌ರ ಕೈ ಹಿಡಿದು ಎಳೆದು ತಂದು ಕೂರಿಸಿದರು. ಮೋಹನದಾಸರನ್ನು ಮಾತ್ರ ಯಾರೂ ಬೈಯಲಿಲ್ಲ.

"ಅಜ್ಜ, ಆರ್ ಯು ಕ್ರೈಯಿಂಗ್?" ಎಂದಳು ಮೊಮ್ಮಗಳು ಯಶ್ಮಿತಾ.

"ಹೊಗೆ, ಹೊಗೆ." ಅಲ್ಲಿ ಎಲ್ಲಿಯೂ ಹೊಗೆ ಇರಲಿಲ್ಲ.

ಮಗಳು ಒಂದು ಕಡೆ, ಅಳಿಯ ಇನ್ನೊಂದು ಕಡೆ ಕಂಕುಳಿಗೆ ಕೈ ಕೊಟ್ಟು, ತೆಂಗಿನಕಾಯಿಯ ಗೋಣಿ ಇಳಿಸುವ ಹಾಗೆ ಮೆಲ್ಲನೆ ಅವರನ್ನು ಜಮಖಾನದ ಮೇಲೆ ಇಳಿಸಿದರು. ದಿಂಬಿಗೆ ಒರಗಿ ಮೋಹನದಾಸರು ಎದುರಿಗೆ ನೋಡಿದರು. ನೋಡಿದವರು ಹಾಗೇ ಉಳಿದರು. ಅಲ್ಲಿಯ ಕಿಟಕಿಗಳು ನೆಲಕ್ಕೆ ಸಮೀಪ. ನಿಂತವರಿಗೆ ಅವುಗಳಲ್ಲಿ ಅಂಗಳದ ಮರಳು ಮಾತ್ರ ಕಾಣುವುದು. ಕೂತರೆ ಕಡಲು! ನೀಲಿ ಕಡಲು, ಕಾಂಡ್ಲದ ಸಂದಿಯಲ್ಲಿ ಹೊಳೆಯುತ್ತಾ ಚೌಕಟ್ಟಿನ ತುಂಬ ನಿಂತಿತ್ತು. ಶೇಖ್‌ರು ಮಾತಿನ ನಡುವೆ ಆ ಕಡೆಯೇ ಯಾಕೆ ನೋಡುತ್ತಿದ್ದರು ಎಂದು ಇಷ್ಟು ಕಾಲಕ್ಕೆ ತಿಳಿಯಿತು.

ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಅಲ್ಲಿಯ ಅರಬಿಯೊಬ್ಬರು ಬಂದು, ಎಡಗೈಯ ಹೂಜಿಯಿಂದ ಬಟ್ಟಲ ತಳಕ್ಕೆ ಕಾಫಿ ಹೊಯ್ದು ಕೊಟ್ಟರು. ಮೋಹನದಾಸರು ಕುಡಿದು ಬಟ್ಟಲು ಚಾಚಿದರು. ಮತ್ತೆ ಬಂತು. ಮತ್ತೆ ಚಾಚಿದರು. ಸಾಕಾದರೆ ಬಟ್ಟಲನ್ನು ಒಮ್ಮೆ ಅಲ್ಲಾಡಿಸಬೇಕು. ಅಲ್ಲಾಡಿಸುವ ತನಕ ಹೊಯ್ಯುವವನು ನಿಲ್ಲಿಸುವಂತಿಲ್ಲ. ಅಲ್ಲಾಡಿಸಿದರೆ ಕೂತದ್ದು ಮುಗಿಯಿತು.

"ಪಪ್ಪ, ಬಿಪಿ ಉಂಟು ನಿಮ್ಗೆ! ನಿದ್ದೆ ಬರ್ಲಿಕ್ಕಿಲ್ಲ ಇವತ್ತು."

"ನಿದ್ದೆ ಊರಲ್ಲಿ ಮಾಡ್ತೇನೆ."

ಹೊಯ್ಯುತ್ತಿದ್ದವರಿಗೆ ವಿಷಯ ಹೊಳೆದಿರಬೇಕು. ತುಟಿಯಂಚಿನಲ್ಲಿ ನಕ್ಕು, ಬರಬರುತ್ತಾ ತೊಟ್ಟು ತೊಟ್ಟೇ ಹೊಯ್ದರು. ಅಷ್ಟರಲ್ಲಿ ದೋಣಿ ನಿಲ್ಲುವ ದಕ್ಕೆಯಿಂದ ಹಾರ್ನ್ ಕೇಳಿತು.

"ಯಲ್ಲಾ ಮಾಮ, ಖಲಾಸ್, ಹೊರಡುವ. ಬೋಟು ಹೋದ್ರೆ ಇಲ್ಲೇ ಬಾಕಿ," ಎಂದ ಲತೇಶ.

ಮೋಹನದಾಸರು ಕಿಟಕಿಯ ಕಡಲನ್ನು ಕಣ್ಣು ತುಂಬ ನೋಡಿದರು. ಬಟ್ಟಲನ್ನು ಮೆಲ್ಲನೆ ಅಲ್ಲಾಡಿಸಿ ಕೊಟ್ಟರು. ಕೂಡಲೇ ಅಳಿಯ ಬಗ್ಗಿದ, ಮಗಳು ಬಗ್ಗಿದಳು, ಹೂಜಿ ಬದಿಗಿಟ್ಟು ಆ ಅರಬಿಯೂ ಕೈ ಚಾಚಿದರು. ಮೋಹನದಾಸರು ಪಕ್ಕಕ್ಕೆ ವಾಲಿ, ಅಂಗೈಯನ್ನು ಜಮಖಾನಕ್ಕೆ ಊರಿ, ಒಂದು ಮಂಡಿಯನ್ನು ಹಲ್ಲು ಕಚ್ಚಿ ಎಳೆದುಕೊಂಡರು.

"ಬೇಡ ಮಾರಾಯ, ಕೈ ತೆಗಿ. ನೀನೂ ತೆಗಿ ಮಗಾ. ಈ ಚಾವಡಿಯಲ್ಲಿ ಯಾರ ಕೈ ಹಿಡಿದೂ ನಿಂತವನಲ್ಲ ನಾನು. ಕೂರಿಸಿದ್ದು ನೀವು, ಸರಿ, ಏಳುವುದು ನಾನೇ. ಬೋಟಿನವನಿಗೆ ಸ್ವಲ್ಪ ನಿಲ್ಲಲಿಕ್ಕೆ ಹೇಳು."